ಹೆದರಬೇಕಾದ್ದು ಹೆಸರಿಗಲ್ಲ, ಭರವಸೆಗೆ

ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರ ಮೂತ್ರಪಿಂಡ ತಜ್ಞರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ‘ಮೆಂಬ್ರೇನಸ್ ನೆಫ್ರೋಪತಿ’ ಎಂಬ ಕಾಯಿಲೆಯ 22 ಪ್ರಕರಣಗಳನ್ನು ಕಂಡರು. ಮೂತ್ರಪಿಂಡದ ಸೋಸುವ ಪೊರೆ ಹಾಳಾಗಿ, ದೇಹಕ್ಕೆ ಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುವ ಕಾಯಿಲೆ ಇದು. ಮೂತ್ರ ನೊರೆನೊರೆಯಾಗುತ್ತದೆ, ಕಾಲು ಊದಿಕೊಳ್ಳುತ್ತದೆ, ಸುಸ್ತು ಬಿಡುವುದಿಲ್ಲ. ಆ 22 ಮಂದಿಯಲ್ಲಿ 15 ಮಂದಿಗೆ ಬಂದದ್ದು ‘ನೆಲ್–1’ ಎಂದು ಗುರುತಿಸಲಾಗುವ ಅಪರೂಪದ ಬಗೆ. ವೈದ್ಯರು ಕೆದಕಿ ಕೇಳಿದಾಗ ಆ 15 ಮಂದಿಯಲ್ಲಿ 13 ಮಂದಿ ಮುಖ ಬೆಳ್ಳಗಾಗಲು ಕ್ರೀಮ್ ಹಚ್ಚುತ್ತಿದ್ದುದಾಗಿ ಒಪ್ಪಿಕೊಂಡರು. ಕ್ರೀಮ್ ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ಮೇಲೆ ದಾಳಿ ನಡೆಸಿ, ಪರವಾನಗಿಯಿಲ್ಲದ ಸೌಂದರ್ಯವರ್ಧಕಗಳನ್ನು ವಶಪಡಿಸಿಕೊಂಡಿತು.

ಇದೇ ವರ್ಷಗಳಲ್ಲಿ ನಮ್ಮ ಸೂಪರ್ ಮಾರ್ಕೆಟ್‌ಗಳ ಕಪಾಟಿನಲ್ಲಿ ಮತ್ತೊಂದು ಬಗೆಯ ಎಚ್ಚರಿಕೆ ಬೆಳೆಯಿತು. ಪ್ಯಾರಬೆನ್ ಫ್ರೀ, ಸಲ್ಫೇಟ್ ಫ್ರೀ, ಸಿಲಿಕೋನ್ ಫ್ರೀ, ಕೊನೆಗೆ ಕೆಮಿಕಲ್ ಫ್ರೀ. ಶ್ಯಾಂಪೂ ಬಾಟಲಿಯ ಮುಂಭಾಗ ಈಗ ಒಳಗೆ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನೇ ಹೆಚ್ಚು ಹೇಳುತ್ತದೆ. ಓದು ಬಲ್ಲ, ಕೈಯಲ್ಲಿ ಕಾಸಿರುವ ಗ್ರಾಹಕರು ಈ ಹೆಸರುಗಳ ಪಟ್ಟಿ ಹಿಡಿದು ಸಾಮಾನು ಆರಿಸುತ್ತಾರೆ. ಕಾಳಜಿ ಪ್ರಾಮಾಣಿಕವಾದದ್ದು; ಚರ್ಮಕ್ಕೆ ಹಚ್ಚುವುದರ ಬಗ್ಗೆ ಯೋಚಿಸುವುದು ಒಳ್ಳೆಯ ಅಭ್ಯಾಸ. ಆದರೆ ಆ ಕಾಳಜಿ ತಪ್ಪು ಕಡೆ ನೋಡುತ್ತಿದೆ ಎಂಬುದು ಈ ಲೇಖನದ ವಾದ. ವೈದ್ಯರು ರೋಗಿಗಳಲ್ಲಿ ಕಂಡು ದಾಖಲಿಸಿರುವ ಗಂಭೀರ ಹಾನಿಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ಅವುಗಳ ಹಿಂದೆ ಸಾಮಾನ್ಯವಾಗಿ ಇರುವುದು ಎರಡು ಸಂಗತಿಗಳು: ಚೀಟಿಯ ಮೇಲೆ ಬರೆಯದೆ ಮುಚ್ಚಿಟ್ಟ ವಸ್ತು, ಇಲ್ಲವೇ ಅಲ್ಪಕಾಲದಲ್ಲಿ ಅಸಾಧ್ಯವಾದುದನ್ನು ಮಾಡಿ ತೋರಿಸುವ ಭರವಸೆ. ಬಹಳ ಸಲ ಎರಡೂ ಒಟ್ಟಿಗೇ ಇರುತ್ತವೆ.

ಬಿಳುಪಿನ ಬೆಲೆ

ಮಲಪ್ಪುರಂನ ಪ್ರಕರಣಗಳಲ್ಲಿ ಬೆರಳು ತೋರಿದ್ದು ಪಾದರಸದ ಕಡೆಗೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಪಾದರಸದ ಲವಣಗಳು ಆ ಕಿಣ್ವದ ಕೆಲಸವನ್ನು ತಡೆಯುತ್ತವೆ. ಹೀಗಾಗಿ ಕ್ರೀಮ್ ಹಚ್ಚಿದ ಕೆಲವೇ ವಾರಗಳಲ್ಲಿ ಮುಖ ನಿಜವಾಗಿಯೂ ತಿಳಿಯಾಗುತ್ತದೆ, ಹಚ್ಚಿದವರಿಗೆ ಅದರ ಮೇಲೆ ನಂಬಿಕೆ ಹುಟ್ಟುತ್ತದೆ, ನೆರೆಹೊರೆಯವರಿಗೂ ಶಿಫಾರಸು ಹೋಗುತ್ತದೆ. ಆದರೆ ಪಾದರಸ ಚರ್ಮದಲ್ಲೇ ನಿಲ್ಲುವುದಿಲ್ಲ. ರಕ್ತಕ್ಕೆ ಸೇರಿ ಮೂತ್ರಪಿಂಡದಲ್ಲಿ ಶೇಖರವಾಗುತ್ತದೆ. ಆವಿಯಾಗಿ ಮನೆಯ ಗಾಳಿಗೆ ಸೇರುತ್ತದೆ, ಟವೆಲ್ಲು, ದಿಂಬಿನ ಹೊದಿಕೆಗಳಿಗೆ ಅಂಟುತ್ತದೆ. ಕ್ರೀಮನ್ನು ಮುಟ್ಟದ ಮಕ್ಕಳ ದೇಹದಲ್ಲೂ ಪಾದರಸ ಪತ್ತೆಯಾದ ಉದಾಹರಣೆಗಳಿವೆ. ಭಾರತದ ಕಾಸ್ಮೆಟಿಕ್ಸ್ ನಿಯಮಗಳು–2020 ಸೌಂದರ್ಯವರ್ಧಕಗಳಲ್ಲಿ ಪಾದರಸ ಬೆರೆಸುವುದನ್ನು ನಿಷೇಧಿಸಿವೆ. ಉದ್ದೇಶವಿಲ್ಲದೆ ಸೇರಿಬರುವ ಅಂಶವೂ 1 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ ಒಂದು ಭಾಗ, ಮೀರಬಾರದು. ಕಣ್ಣಿನ ಸುತ್ತ ಬಳಸುವ ವಸ್ತುಗಳಿಗೆ ಮಾತ್ರ ಪ್ರತ್ಯೇಕ ಮಿತಿ ಇದೆ. ಪಾದರಸ ಕುರಿತ ಜಾಗತಿಕ ಒಡಂಬಡಿಕೆಯಾದ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಆ ಒಪ್ಪಂದದ ದೇಶಗಳು 2023ರಲ್ಲಿ ಸಭೆ ಸೇರಿ, ಪಾದರಸ ಬೆರೆಸಿದ ಯಾವ ಸೌಂದರ್ಯವರ್ಧಕವೂ 2025ರ ನಂತರ ಇರಕೂಡದು ಎಂದು ತೀರ್ಮಾನಿಸಿದವು.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಮಾಲು ಸಿಗುತ್ತದೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2014ರಲ್ಲಿ ಪರೀಕ್ಷಿಸಿದ 32 ಫೇರ್‌ನೆಸ್ ಕ್ರೀಮ್‌ಗಳಲ್ಲಿ 14ರಲ್ಲಿ ಪಾದರಸ ಕಂಡುಬಂತು. ಅಲ್ಲಿ ಕಂಡ ಗರಿಷ್ಠ ಪ್ರಮಾಣ 2 ಪಿಪಿಎಂಗಿಂತ ಸ್ವಲ್ಪ ಕಡಿಮೆ. ಆದರೆ ಗಡಿ ದಾಟಿ ಬಂದು, ತಯಾರಕರ ವಿಳಾಸವಿಲ್ಲದ ಡಬ್ಬಿಗಳಲ್ಲಿ ಮಾರಾಟವಾಗುವ ಕ್ರೀಮ್‌ಗಳನ್ನು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷಿಸಿದಾಗ ಸಿಕ್ಕಿರುವುದು ಸಾವಿರಾರು ಪಿಪಿಎಂ. ಇಂಥ ಡಬ್ಬಿಯ ಮೇಲೆ ಪಾದರಸದ ಹೆಸರು ಇರುವುದಿಲ್ಲ. ಪ್ಯಾರಬೆನ್ ಇದೆಯೇ, ಸಲ್ಫೇಟ್ ಇದೆಯೇ ಎಂದು ಚೀಟಿ ಓದಿ ಆರಿಸುವವರಿಗೆ ಇಲ್ಲಿ ಓದಲು ಏನೂ ಸಿಗದು. ಬೀದಿಬದಿಯ ಫ್ಯಾನ್ಸಿ ಸ್ಟೋರ್‌ನಿಂದ ಹಿಡಿದು ಆನ್‌ಲೈನ್ ಮಾರಾಟದವರೆಗೆ ಈ ಕ್ರೀಮ್‌ಗಳು ಓಡಾಡುವುದು ಒಂದೇ ಬಲದ ಮೇಲೆ: ಹಚ್ಚಿದರೆ ಬೇಗ ಗೊತ್ತಾಗುತ್ತದೆ ಎಂಬ ಮಾತಿನ ಮೇಲೆ. ಆ ಮಾತೇ ನಮಗೆ ಎಚ್ಚರಿಕೆಯಾಗಬೇಕು. ನೈಸರ್ಗಿಕವಾಗಿ ಬಂದ ಮೈಬಣ್ಣವನ್ನು ಎರಡು ವಾರದಲ್ಲಿ ತಿಳಿಯಾಗಿಸಬಲ್ಲ ವಸ್ತು ಚರ್ಮದ ಜೀವಕೋಶಗಳ ಕೆಲಸವನ್ನೇ ಬದಲಿಸುತ್ತಿದೆ. ಹಾಗೆ ಬದಲಿಸುವ ವಸ್ತು ಔಷಧ ಅಥವಾ ವಿಷ ಆಗಿರುತ್ತದೆ. ಬರಿಯ ಅಲಂಕಾರದ ಸಾಮಗ್ರಿ ಆಗಿರಲಾರದು.

ಈ ಮಾತಿಗೆ ಪಾದರಸಕ್ಕಿಂತಲೂ ವ್ಯಾಪಕವಾದ ಸಾಕ್ಷಿ ಸ್ಟೆರಾಯ್ಡ್ ಮುಲಾಮುಗಳದು. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಮುಂತಾದವು ಇಸಬು, ಸೋರಿಯಾಸಿಸ್‌ನಂಥ ಕಾಯಿಲೆಗಳಿಗೆ ವೈದ್ಯರು ನಿರ್ದಿಷ್ಟ ಅವಧಿಗೆ ಬರೆದುಕೊಡುವ ಉತ್ತಮ ಔಷಧಗಳು. ಆದರೆ ನಮ್ಮಲ್ಲಿ ಅವು ಬಂಗಿಗೆ, ಮೊಡವೆಗೆ, ಹುಳುಕಡ್ಡಿಗೆ, ಕೊನೆಗೆ ಬರಿಯ ಬಿಳುಪಿಗೆ ಬಳಕೆಯಾದವು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೇಶದ ವಿವಿಧ ಕೇಂದ್ರಗಳ ಚರ್ಮರೋಗ ತಜ್ಞರು ಮುಖದ ತೊಂದರೆಗಾಗಿ ಬಂದ 2,926 ರೋಗಿಗಳನ್ನು ವಿಚಾರಿಸಿದರು. ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೆರಾಯ್ಡ್ ಹಚ್ಚಿಕೊಳ್ಳುತ್ತಿದ್ದರು; ಆ ಪೈಕಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅದನ್ನು ಹೇಳಿಕೊಟ್ಟವರು ವೈದ್ಯರಲ್ಲ. ಮೊದಲ ಕೆಲವು ದಿನ ಮುಖ ನುಣುಪಾಗಿ, ಬೆಳ್ಳಗಾಗಿ ಕಾಣುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ, ಬೇಡದ ಕೂದಲು ಬೆಳೆಯುತ್ತದೆ. ಬಿಟ್ಟರೆ ಉರಿ, ಕೆಂಪು. ಉರಿ ತಾಳದೆ ಮತ್ತೆ ಹಚ್ಚುತ್ತಾರೆ. ಭಾರತದ ಚರ್ಮವೈದ್ಯರು ಈ ಅವಸ್ಥೆಗೆ ‘ಸ್ಟೆರಾಯ್ಡ್‌ನಿಂದ ಹಾಳಾದ, ಸ್ಟೆರಾಯ್ಡ್ ಇಲ್ಲದೆ ಇರಲಾರದ ಮುಖ’ ಎಂಬ ಅರ್ಥದ ಹೆಸರನ್ನೇ ಕೊಟ್ಟರು. ಅವರ ಒತ್ತಾಯದ ಫಲವಾಗಿ 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್‌ಗಳ ಮುಲಾಮುಗಳನ್ನು ‘ಶೆಡ್ಯೂಲ್ ಎಚ್’ಗೆ ಸೇರಿಸಿ, ವೈದ್ಯರ ಚೀಟಿ ಇಲ್ಲದೆ ಮಾರಕೂಡದು ಎಂದಿತು. ಅಂಗಡಿಯಲ್ಲಿ ಹೆಸರು ಹೇಳಿ ಕೇಳಿದರೆ ಕೊಡುವ ರೂಢಿ ಮಾತ್ರ ಪೂರ್ತಿ ನಿಂತಿಲ್ಲ.

ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದ ಕಥೆ

ಹಾಗಾದರೆ ‘ಫ್ರೀ’ ಪಟ್ಟಿಯಲ್ಲಿ ಮೊದಲು ನಿಲ್ಲುವ ಪ್ಯಾರಬೆನ್ ಸುರಕ್ಷಿತವೇ? ಈ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ನೀರಿನ ಅಂಶವಿರುವ ಯಾವುದೇ ಕ್ರೀಮ್, ಶ್ಯಾಂಪೂವಿನಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆಯುತ್ತವೆ. ಅದನ್ನು ತಡೆಯುವ ಸಂರಕ್ಷಕಗಳಲ್ಲಿ ಪ್ಯಾರಬೆನ್ ಹಳೆಯದು, ಅಗ್ಗದ್ದು. 2004ರಲ್ಲಿ ಬ್ರಿಟನ್ನಿನ ಫಿಲಿಪ್ಪಾ ಡಾರ್ಬ್ರೆ ಮತ್ತು ಸಂಗಡಿಗರು 20 ಸ್ತನ ಗೆಡ್ಡೆಗಳ ಮಾದರಿಗಳಲ್ಲಿ ಪ್ಯಾರಬೆನ್ ಅಂಶ ಕಂಡದ್ದನ್ನು ಪ್ರಕಟಿಸಿದರು. ಆರೋಗ್ಯವಂತ ಅಂಗಾಂಶದೊಂದಿಗೆ ಹೋಲಿಸಿ ನೋಡದ ಆ ಅಧ್ಯಯನ ಕ್ಯಾನ್ಸರಿಗೆ ಕಾರಣವೇನೆಂದು ಸಾಬೀತು ಮಾಡಲಿಲ್ಲ, ಮಾಡುವುದು ಸಾಧ್ಯವೂ ಇರಲಿಲ್ಲ. ಆದರೆ ಪತ್ರಿಕೆಗಳ ತಲೆಬರಹಗಳಲ್ಲಿ ಆ ಎಚ್ಚರ ಉಳಿಯಲಿಲ್ಲ. ಪ್ಯಾರಬೆನ್‌ಗಳು ಈಸ್ಟ್ರೋಜೆನ್ ಹಾರ್ಮೋನಿನಂತೆ ಅತ್ಯಂತ ದುರ್ಬಲವಾಗಿ ವರ್ತಿಸಬಲ್ಲವು ಎಂಬುದು ನಿಜ. ಅದಕ್ಕಾಗಿಯೇ ಐರೋಪ್ಯ ಒಕ್ಕೂಟ 2014ರಲ್ಲಿ ಸುರಕ್ಷತೆಯ ಬಗ್ಗೆ ಸಾಕಷ್ಟು ಮಾಹಿತಿ ಇಲ್ಲದ ಐದು ಪ್ಯಾರಬೆನ್‌ಗಳನ್ನು ನಿಷೇಧಿಸಿತು, ಪ್ರೊಪೈಲ್ ಮತ್ತು ಬ್ಯುಟೈಲ್ ಪ್ಯಾರಬೆನ್‌ಗಳ ಮಿತಿಯನ್ನು ಇಳಿಸಿತು, ಮೀಥೈಲ್ ಪ್ಯಾರಬೆನ್ ಅನ್ನು ಮುಂದುವರಿಸಿತು. ಒಂದೇ ಕುಟುಂಬದ ರಾಸಾಯನಿಕಗಳನ್ನು ಒಂದೊಂದಾಗಿ, ಪ್ರಮಾಣ ನೋಡಿ ತೂಗಿದ ಈ ಕ್ರಮ ವಿವೇಕದ್ದು. ಇಡೀ ಕುಟುಂಬಕ್ಕೇ ಒಂದು ಹಣೆಪಟ್ಟಿ ಹಚ್ಚುವ ಮಾರುಕಟ್ಟೆಗೆ ಅಷ್ಟು ತಾಳ್ಮೆ ಇಲ್ಲ.

ಆ ಅಸಹನೆಗೆ ತೆತ್ತ ಬೆಲೆ ಯುರೋಪಿನಲ್ಲಿ ದಾಖಲಾಗಿದೆ. ಪ್ಯಾರಬೆನ್ ಬಿಟ್ಟ ಕಂಪನಿಗಳು ಹುಡುಕಿಕೊಂಡ ಬದಲಿಗಳಲ್ಲಿ ಮೀಥೈಲ್ ಐಸೋಥಯಾಜೋಲಿನೋನ್ ಒಂದು. 2005ರಿಂದ ಅದನ್ನು ಸೌಂದರ್ಯವರ್ಧಕಗಳಲ್ಲಿ ಒಂಟಿಯಾಗಿ ಬಳಸಲು ಅಲ್ಲಿ ಅನುಮತಿ ಸಿಕ್ಕಿತು. ಕ್ರೀಮ್, ಶ್ಯಾಂಪೂ, ಮಕ್ಕಳನ್ನು ಒರೆಸುವ ಒದ್ದೆ ಬಟ್ಟೆ ಎಲ್ಲದರಲ್ಲೂ ಅದು ಸೇರಿತು. ಕೆಲವೇ ವರ್ಷಗಳಲ್ಲಿ ಚರ್ಮರೋಗ ಚಿಕಿತ್ಸಾಲಯಗಳಲ್ಲಿ ಅದರ ಅಲರ್ಜಿಯ ಪ್ರಕರಣಗಳು ಏರತೊಡಗಿದವು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಪ್ರತಿವರ್ಷ ಗಮನ ಸೆಳೆಯಲೆಂದು ಒಂದು ಅಲರ್ಜಿಕಾರಕವನ್ನು ಹೆಸರಿಸುತ್ತದೆ. 2013ರಲ್ಲಿ ಅದು ಹೆಸರಿಸಿದ್ದು ಇದನ್ನೇ. 2016ರಲ್ಲಿ ಐರೋಪ್ಯ ಒಕ್ಕೂಟ, ತೊಳೆಯದೆ ಹಾಗೇ ಬಿಡುವ ಉತ್ಪನ್ನಗಳಲ್ಲಿ ಅದನ್ನು ನಿಷೇಧಿಸುವ ಆದೇಶ ಹೊರಡಿಸಿತು. ಅದೇ ಅಮೆರಿಕದ ಸಂಘ 2019ರಲ್ಲಿ ಪ್ಯಾರಬೆನ್‌ಗಳನ್ನು ‘ವರ್ಷದ ಅಲರ್ಜಿಕಾರಕ ಅಲ್ಲದ ವಸ್ತು’ ಎಂದು ಕರೆಯಿತು, ಏಕೆಂದರೆ ಇಷ್ಟು ದೀರ್ಘಕಾಲ, ಇಷ್ಟು ಜನ ಬಳಸಿದರೂ ಅವು ಅಲರ್ಜಿ ತರುವುದು ತೀರಾ ವಿರಳ. ಒಂದು ಹೆಸರಿಗೆ ಹೆದರಿ ಓಡಿದವರು, ಆ ಹೊತ್ತಿಗೆ ಯಾರ ಪಟ್ಟಿಯಲ್ಲೂ ಇಲ್ಲದ, ಚರ್ಮಕ್ಕೆ ಹೆಚ್ಚು ಕಾಟ ಕೊಡುವ ಮತ್ತೊಂದು ವಸ್ತುವಿನ ಕೈಗೆ ಸಿಕ್ಕರು. ಎದುರಿನ ಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ ಆಯಿತು.

ಇದೇ ಕಥೆ ಕೂದಲಿನ ವಿಷಯದಲ್ಲಿ ಇನ್ನೂ ತೀವ್ರವಾಗಿ ನಡೆದಿದೆ. ಗುಂಗುರು ಕೂದಲನ್ನು ನೇರವಾಗಿಸುವ, ‘ಕೆರಾಟಿನ್ ಟ್ರೀಟ್‌ಮೆಂಟ್’ ಎಂಬ ಹೆಸರಿನಲ್ಲಿ ಬೆಂಗಳೂರಿನಿಂದ ತಾಲ್ಲೂಕು ಕೇಂದ್ರಗಳ ಪಾರ್ಲರ್‌ಗಳವರೆಗೂ ಬಂದಿರುವ ಚಿಕಿತ್ಸೆಯಲ್ಲಿ ಕೂದಲ ಎಳೆಯ ಪ್ರೋಟೀನುಗಳನ್ನು ಹೊಸ ಆಕಾರದಲ್ಲಿ ಹಿಡಿದಿಡಲು ಮೊದಲು ಬಳಕೆಯಾದದ್ದು ಫಾರ್ಮಾಲ್ಡಿಹೈಡ್. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗುರುತಿಸಿದೆ. ಕಾದ ಇಸ್ತ್ರಿಪಟ್ಟಿ ತಗುಲಿದಾಗ ಅದು ಆವಿಯಾಗಿ ಕಣ್ಣು ಉರಿಸುತ್ತದೆ, ಉಸಿರು ಕಟ್ಟಿಸುತ್ತದೆ. ತಿಂಗಳಿಗೋ ವರ್ಷಕ್ಕೋ ಒಮ್ಮೆ ಬರುವ ಗ್ರಾಹಕರಿಗಿಂತ ದಿನವಿಡೀ ಅದೇ ಕೋಣೆಯಲ್ಲಿ ನಿಂತು ದುಡಿಯುವ ಹುಡುಗಿಯರು ಅದನ್ನು ಹೆಚ್ಚು ಉಸಿರಾಡುತ್ತಾರೆ. 2010ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಕಾರ್ಮಿಕ ಸುರಕ್ಷತಾ ಅಧಿಕಾರಿಗಳು ಪರೀಕ್ಷಿಸಿದಾಗ ‘ಫಾರ್ಮಾಲ್ಡಿಹೈಡ್ ಫ್ರೀ’ ಎಂದೇ ಬರೆದುಕೊಂಡಿದ್ದ ಉತ್ಪನ್ನದಲ್ಲಿ ಫಾರ್ಮಾಲ್ಡಿಹೈಡ್ ಸಿಕ್ಕಿತು. ಮುಂದೆ ಅದಕ್ಕೆ ಬದಲಾಗಿ ಗ್ಲೈಆಕ್ಸಿಲಿಕ್ ಆಮ್ಲ ಬಳಸುವ ಉತ್ಪನ್ನಗಳು ಬಂದವು. 2019ರಿಂದ 2022ರ ನಡುವೆ ಇಸ್ರೇಲ್‌ನಲ್ಲಿ ಕೂದಲು ನೇರವಾಗಿಸಿಕೊಂಡ ಬಳಿಕ ಮೂತ್ರಪಿಂಡಕ್ಕೆ ಹಠಾತ್ ಪೆಟ್ಟುಬಿದ್ದ 26 ಪ್ರಕರಣಗಳನ್ನು ವೈದ್ಯರು ವರದಿ ಮಾಡಿದರು. 2024ರಲ್ಲಿ ಫ್ರಾನ್ಸಿನ ವೈದ್ಯರು, ಮೂರು ಸಲ ಈ ಚಿಕಿತ್ಸೆ ಮಾಡಿಸಿಕೊಂಡು ಮೂರು ಸಲವೂ ಮೂತ್ರಪಿಂಡಕ್ಕೆ ಹಾನಿಯಾದ ಯುವತಿಯೊಬ್ಬರ ಪ್ರಕರಣ ಪ್ರಕಟಿಸಿದರು. ಇಲಿಗಳ ಮೇಲಿನ ಪ್ರಯೋಗ ಕಾರಣವನ್ನು ತೋರಿಸಿತು: ಆ ಆಮ್ಲ ಚರ್ಮದ ಮೂಲಕ ಒಳಸೇರಿ ಆಕ್ಸಲೇಟ್ ಹರಳುಗಳಾಗಿ ಮೂತ್ರಪಿಂಡದಲ್ಲಿ ಕೂತಿತ್ತು.

2022ರಲ್ಲಿ ಪ್ರಕಟವಾದ ಅಮೆರಿಕದ ‘ಸಿಸ್ಟರ್ ಸ್ಟಡಿ’ಯನ್ನೂ ಇಲ್ಲಿ ನೋಡಬೇಕು. 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದ ಈ ಅಧ್ಯಯನದಲ್ಲಿ 378 ಮಂದಿಗೆ ಗರ್ಭಕೋಶದ ಕ್ಯಾನ್ಸರ್ ಬಂತು. ಕೂದಲು ನೇರವಾಗಿಸುವ ರಾಸಾಯನಿಕಗಳನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಈ ಕ್ಯಾನ್ಸರ್ ಬರುವ ಸಾಧ್ಯತೆ ಶೇ 1.64, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಶೇ 4.05. ಇದು ಸಂಬಂಧವನ್ನು ತೋರಿಸುತ್ತದೆ, ಕಾರಣವನ್ನು ಸಾಬೀತುಪಡಿಸುವುದಿಲ್ಲ. ಅಲ್ಲಿ ಬಳಸಿದ ಉತ್ಪನ್ನಗಳೂ ನಮ್ಮವೂ ಒಂದೇ ಆಗಿರಬೇಕಿಲ್ಲ. ಹಾಗಿದ್ದರೂ ಮದುವೆ ಮುಂಜಿಗೆಂದು ಮೇಲಿಂದ ಮೇಲೆ ಈ ಚಿಕಿತ್ಸೆ ಮಾಡಿಸಿಕೊಳ್ಳುವವರು ಯೋಚಿಸಲು ಇಷ್ಟು ಸಾಕು. ಪ್ರಕೃತಿ ಕೊಟ್ಟ ಕೂದಲ ರಚನೆಯನ್ನು ಒಂದು ಮಧ್ಯಾಹ್ನದಲ್ಲಿ ಬದಲಿಸಿ ತಿಂಗಳುಗಟ್ಟಲೆ ನಿಲ್ಲಿಸುತ್ತೇನೆ ಎನ್ನುವ ಭರವಸೆಯಲ್ಲೇ ಅಪಾಯದ ಸುಳಿವು ಇದೆ. ಅದನ್ನು ಸಾಧಿಸಲು ಯಾವ ರಾಸಾಯನಿಕ ಬಳಸಿದರೂ ಅದು ಬಲವಾದದ್ದೇ ಆಗಿರಬೇಕು. ಇಂದಿನ ರಾಸಾಯನಿಕದ ಹೆಸರು ಕೆಟ್ಟರೆ ನಾಳೆ ಇನ್ನೊಂದು ಬರುತ್ತದೆ. ಭರವಸೆ ಅದೇ ಉಳಿಯುತ್ತದೆ.

ಸಸ್ಯಮೂಲ ಎಂಬ ನಂಬಿಕೆ

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಇದೆಲ್ಲ ಬೇಡವೆಂದೇ ತಾನೆ ನೈಸರ್ಗಿಕವಾದುದನ್ನು ಹುಡುಕುವುದು? ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟು, ಕೊಬ್ಬರಿ ಎಣ್ಣೆ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿವೆ. ಹೊಂದುವವರು ಮುಂದುವರಿಸಲು ಯಾವ ಅಡ್ಡಿಯೂ ಇಲ್ಲ. ಆದರೆ ಅವು ನಿರುಪದ್ರವಿಗಳಾಗಿರುವುದಕ್ಕೆ ಕಾರಣ ಗಿಡದಿಂದ ಬಂದದ್ದಲ್ಲ. ಅವು ಮಾಡುವ ಕೆಲಸ ಸಣ್ಣದು, ಸೌಮ್ಯವಾದದ್ದು. ಜಿಡ್ಡು ತೆಗೆಯುತ್ತವೆ, ತೇವ ಹಿಡಿದಿಡುತ್ತವೆ, ಅಷ್ಟೇ. ಕಣ್ಣಿಗೆ ಹಚ್ಚುವ ಸುರ್ಮಾ ಕೂಡ ನೈಸರ್ಗಿಕವೇ. ಅನೇಕ ಕಡೆ ಅದು ಗೆಲೀನಾ ಎಂಬ ಖನಿಜದ ಪುಡಿ, ಅಂದರೆ ಸೀಸದ ಸಲ್ಫೈಡ್. ಮಕ್ಕಳ ಕಣ್ಣಿಗೆ ಅದನ್ನು ತೀಡಿದಾಗ ಕೈಬೆರಳಿನ ಮೂಲಕ ಬಾಯಿಗೆ ಹೋಗುವ ಸೀಸ ಮೆದುಳಿನ ಬೆಳವಣಿಗೆಗೆ ಹಾನಿ. ಮುಖಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಅದರಲ್ಲಿರುವ ವಸ್ತುಗಳು ಸೂರ್ಯನ ಬೆಳಕಿನ ಜೊತೆ ಸೇರಿ ಚರ್ಮ ಸುಟ್ಟಂತೆ ಮಾಡಿ ಕಪ್ಪು ಕಲೆ ಉಳಿಸುತ್ತವೆ. ಪರಿಮಳದ ಸಸ್ಯತೈಲಗಳಲ್ಲಿರುವ ಲಿನಲೂಲ್, ಲಿಮೊನೀನ್ ಗಾಳಿಗೆ ಒಡ್ಡಿಕೊಂಡಾಗ ಅಲರ್ಜಿಕಾರಕಗಳಾಗಿ ಬದಲಾಗುತ್ತವೆ. ಯುರೋಪಿನಲ್ಲಿ ಚೀಟಿಯ ಮೇಲೆ ಹೆಸರಿಸಲೇಬೇಕಾದ ಸುಗಂಧದ್ರವ್ಯಗಳ ಪಟ್ಟಿ 26 ಇದ್ದದ್ದು 2023ರ ಆದೇಶದಿಂದ 80 ದಾಟಿತು. ಅವುಗಳಲ್ಲಿ ಹಲವು ಸಸ್ಯಮೂಲದವು.

ಈ ನಂಬಿಕೆ ಅತಿ ಹೆಚ್ಚು ದುರ್ಬಳಕೆಯಾಗಿರುವುದು ಮೆಹೆಂದಿಯ ಹೆಸರಿನಲ್ಲಿ. ಗೋರಂಟಿ ಎಲೆಯ ಬಣ್ಣ ಕಿತ್ತಳೆ–ಕೆಂಪು ಕಂದು. ಅದನ್ನು ಹಚ್ಚಿ ಅರ್ಧ ಗಂಟೆಯಲ್ಲಿ ಕಡುಕಪ್ಪು ಬರುವುದಿಲ್ಲ. ‘ಕಪ್ಪು ಮೆಹೆಂದಿ’ ಎಂದು ಮಾರುವ ಪುಡಿಗಳಲ್ಲಿ ಕಪ್ಪು ಕೊಡುವುದು ಸಾಮಾನ್ಯವಾಗಿ ಪ್ಯಾರಾಫಿನೈಲಿನ್‌ಡೈಅಮೀನ್, ಚಿಕ್ಕದಾಗಿ ಪಿಪಿಡಿ. ಹೇರ್ ಡೈಗಳ ಮುಖ್ಯ ರಾಸಾಯನಿಕ ಇದೇ. ಹಲವರು ಇದನ್ನು ತೊಂದರೆಯಿಲ್ಲದೆ ಬಳಸುತ್ತಾರೆ; ಒಗ್ಗದವರಿಗೆ ನೆತ್ತಿ ಸುಡುತ್ತದೆ, ಮುಖ ಕಣ್ಣು ಬಾತುಕೊಳ್ಳುತ್ತವೆ. ಐರೋಪ್ಯ ಒಕ್ಕೂಟ ಹೇರ್ ಡೈಯಲ್ಲಿ ಇದರ ಮಿತಿಯನ್ನು ಶೇ 2ಕ್ಕೆ ಕಟ್ಟಿದೆ, ಮೈಮೇಲೆ ಚಿತ್ತಾರ ಬಿಡಿಸಲು ಒಪ್ಪುವುದೇ ಇಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ‘ಲ್ಯಾಷ್ ಲ್ಯೂರ್’ ಎಂಬ ರೆಪ್ಪೆಯ ಬಣ್ಣದಲ್ಲಿ ಇದೇ ಜಾತಿಯ ರಾಸಾಯನಿಕವಿತ್ತು. ಅದರಿಂದ ಮಹಿಳೆಯರು ದೃಷ್ಟಿ ಕಳೆದುಕೊಂಡರು, ಒಬ್ಬರು ಸತ್ತರು. 1938ರಲ್ಲಿ ಅಲ್ಲಿ ಸೌಂದರ್ಯವರ್ಧಕಗಳನ್ನು ಮೊದಲ ಬಾರಿಗೆ ಕೇಂದ್ರ ಕಾನೂನಿನ ಹಿಡಿತಕ್ಕೆ ತರುವಾಗ ಆ ದುರಂತ ಕಣ್ಣಮುಂದಿತ್ತು. ಇಂದು ಭಾರತದಲ್ಲಿ ಮಾರಾಟವಾಗುವ ಹೇರ್ ಡೈ ಪೊಟ್ಟಣದ ಮೇಲೆ, ರೆಪ್ಪೆಗೂ ಹುಬ್ಬಿಗೂ ಹಚ್ಚಬೇಡಿ, ಕುರುಡುತನ ಬರಬಹುದು ಎಂಬ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಗಳಲ್ಲೂ ಮುದ್ರಿಸಬೇಕೆಂದು ನಿಯಮವಿದೆ. ಮೊದಲು ಚರ್ಮದ ಮೇಲೆ ಪರೀಕ್ಷೆ ಮಾಡಿ ನೋಡಬೇಕೆಂಬ ಸೂಚನೆಯೂ ಅದೇ ಪೊಟ್ಟಣದಲ್ಲಿರುತ್ತದೆ. ‘ಹರ್ಬಲ್’ ಎಂಬ ದೊಡ್ಡಕ್ಷರವನ್ನು ಓದುವವರು ಆ ಸಣ್ಣಕ್ಷರವನ್ನು ಓದುವುದಿಲ್ಲ.

ಮೂರು ಆಕ್ಷೇಪಗಳು

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಒಂದು ಉತ್ಪನ್ನದಲ್ಲಿರುವ ಪ್ರಮಾಣ ಸಣ್ಣದಿರಬಹುದು. ಆದರೆ ಸಾಬೂನು, ಶ್ಯಾಂಪೂ, ಕ್ರೀಮ್, ಪೌಡರ್, ಲಿಪ್‌ಸ್ಟಿಕ್ ಎಲ್ಲ ಸೇರಿ ದಿನದಿನವೂ ದೇಹಕ್ಕೆ ಬೀಳುವುದು ಸಣ್ಣದೇ? ಗರ್ಭಿಣಿಯರ, ಎಳೆಮಕ್ಕಳ ವಿಷಯದಲ್ಲಿ ಮುನ್ನೆಚ್ಚರಿಕೆ ತಪ್ಪೇ? ತಪ್ಪಲ್ಲ. ಐರೋಪ್ಯ ಒಕ್ಕೂಟ ಪ್ಯಾರಬೆನ್‌ಗಳ ಮಿತಿ ಇಳಿಸಿದ್ದೂ, ಮೂರು ವರ್ಷದೊಳಗಿನ ಮಕ್ಕಳ ಡೈಪರ್ ಭಾಗಕ್ಕೆ ಹಚ್ಚುವ ಉತ್ಪನ್ನಗಳಲ್ಲಿ ಅವುಗಳಲ್ಲಿ ಕೆಲವನ್ನು ಬೇಡವೆಂದದ್ದೂ ಈ ಒಟ್ಟು ಲೆಕ್ಕವನ್ನು ನೋಡಿಯೇ. ಆದರೆ ಈ ಆಕ್ಷೇಪದಿಂದ ಹೊರಡುವ ಸರಿಯಾದ ತೀರ್ಮಾನ, ಹಚ್ಚುವ ಸಾಮಾನುಗಳ ಸಂಖ್ಯೆಯನ್ನೇ ಕಡಿಮೆ ಮಾಡಿ ಎಂಬುದು. ಹತ್ತು ‘ಫ್ರೀ’ ಉತ್ಪನ್ನ ಬಳಸುವವರಿಗಿಂತ ಮೂರು ಸಾಧಾರಣ ಉತ್ಪನ್ನ ಬಳಸುವವರ ಚರ್ಮಕ್ಕೆ ತಗಲುವ ರಾಸಾಯನಿಕ ಕಡಿಮೆ. ಹಾಗೆಯೇ ತೊಳೆದುಹೋಗುವ ಶ್ಯಾಂಪೂವಿಗಿಂತ ಇಡೀ ದಿನ ಮೈಮೇಲೆ ಉಳಿಯುವ ಕ್ರೀಮಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಎಳೆಗೂಸುಗಳಿಗೆ ಪರಿಮಳವಿಲ್ಲದ, ಅಗತ್ಯವಿದ್ದಷ್ಟೇ ವಸ್ತು ಸಾಕು. ಸೋಡಿಯಂ ಲಾರಿಲ್ ಸಲ್ಫೇಟ್ ಒಣ ಚರ್ಮದವರಿಗೆ, ಇಸಬು ಇರುವವರಿಗೆ ಕಿರಿಕಿರಿ ಮಾಡುತ್ತದೆ. ಅಂಥವರು ಅದನ್ನು ಬಿಡುವುದು ಒಳ್ಳೆಯದು. ಅದು ಕ್ಯಾನ್ಸರ್ ತರುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಮೂರನೆಯದು ಅನುಭವದ ಮಾತು: ವರ್ಷಗಳಿಂದ ಹಚ್ಚುತ್ತಿದ್ದೇವೆ, ಏನೂ ಆಗಿಲ್ಲ. ಅಲರ್ಜಿಯ ಸ್ವಭಾವ ಗೊತ್ತಿರುವವರು ಇದನ್ನು ಒಪ್ಪಲಾರರು. ದೇಹದ ರಕ್ಷಣಾ ವ್ಯವಸ್ಥೆ ಒಂದು ವಸ್ತುವನ್ನು ಪದೇಪದೇ ಕಂಡೇ ಅದರ ವಿರುದ್ಧ ತಿರುಗುತ್ತದೆ. ಹತ್ತು ವರ್ಷ ಒಗ್ಗಿದ ಹೇರ್ ಡೈ ಹನ್ನೊಂದನೆಯ ವರ್ಷ ಮುಖ ಊದಿಸಬಹುದು. ಒಮ್ಮೆ ಹಾಗಾದರೆ ಆ ಅಲರ್ಜಿ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಪಾದರಸವಂತೂ ಸದ್ದಿಲ್ಲದೆ ಶೇಖರವಾಗುವ ವಸ್ತು. ನಾಲ್ಕನೆಯ ಆಕ್ಷೇಪ, ಸುರಕ್ಷತೆ ಎಂಬುದು ಕಾಸಿದ್ದವರ ಸೊತ್ತು ಎಂಬುದು. ಸಾಕ್ಷ್ಯ ಇದನ್ನು ಬೆಂಬಲಿಸುವುದಿಲ್ಲ. ಪರವಾನಗಿ ಪಡೆದ ಕಂಪನಿಯ ಸಾದಾ ಮಾಯಿಶ್ಚರೈಸರ್, ಬಿಳಿ ಪೆಟ್ರೋಲಿಯಂ ಜೆಲ್ಲಿ, ಮನೆಯ ಕೊಬ್ಬರಿ ಎಣ್ಣೆ ದುಬಾರಿಯಲ್ಲ. ದುಬಾರಿಯಾದದ್ದು ಒಂದು ಕಡೆ ‘ಫ್ರೀ’ ಹಣೆಪಟ್ಟಿ, ಇನ್ನೊಂದು ಕಡೆ ವಿಳಾಸವಿಲ್ಲದ ಬಿಳುಪಿನ ಕ್ರೀಮ್. ಎರಡರಲ್ಲೂ ಗ್ರಾಹಕರು ಕೊಳ್ಳುತ್ತಿರುವುದು ಮಾತನ್ನು.

ಮಾಡಬೇಕಾದ್ದು

ಹಾಗಾದರೆ ಡಬ್ಬಿ ಕೈಗೆತ್ತಿಕೊಂಡಾಗ ಏನು ನೋಡಬೇಕು? ಮೊದಲು ವಿಳಾಸ. ತಯಾರಕರ ಹೆಸರು, ಪೂರ್ಣ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕಾ ಪರವಾನಗಿ ಸಂಖ್ಯೆ, ಯಾವ ದಿನಾಂಕದೊಳಗೆ ಬಳಸಬೇಕು ಎಂಬುದು ಇರಲೇಬೇಕು. ವಿದೇಶಿ ಮಾಲಾದರೆ ಆಮದುದಾರರ ಹೆಸರು–ವಿಳಾಸ ಮತ್ತು ನೋಂದಣಿ ಪ್ರಮಾಣಪತ್ರದ ಸಂಖ್ಯೆ ಇರಬೇಕು. ಇವಿಲ್ಲದ ಡಬ್ಬಿಯನ್ನು ಯಾರೇ ಕೊಟ್ಟರೂ, ಎಷ್ಟೇ ಹೊಗಳಿದರೂ ಹಚ್ಚಬೇಡಿ. ಎರಡನೆಯದು ಭರವಸೆ. ಬಣ್ಣ ಬದಲಿಸುತ್ತೇನೆ, ಕೂದಲ ಸ್ವಭಾವ ಬದಲಿಸುತ್ತೇನೆ, ಏಳು ದಿನದಲ್ಲಿ ಕಲೆ ಅಳಿಸುತ್ತೇನೆ ಎನ್ನುವ ವಸ್ತುವನ್ನು ಔಷಧದಂತೆ ಕಾಣಿ; ವೈದ್ಯರನ್ನು ಕೇಳದೆ ಮುಟ್ಟಬೇಡಿ. ಹೈಡ್ರೋಕ್ವಿನೋನ್, ಟ್ರೆಟಿನೊಯಿನ್, ಇಲ್ಲವೇ ‘ಸೋನ್’, ‘ಸೋಲ್’ ಎಂದು ಕೊನೆಯಾಗುವ ಸ್ಟೆರಾಯ್ಡ್ ಹೆಸರು ಟ್ಯೂಬಿನ ಮೇಲೆ ಕಂಡರೆ ಅದು ಸೌಂದರ್ಯವರ್ಧಕವೇ ಅಲ್ಲ. ಮೂರನೆಯದು ಘಟಕಗಳ ಪಟ್ಟಿ. ಶೇ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಅಲರ್ಜಿ ಇರುವವರು ತಮಗೆ ಆಗದ ಹೆಸರನ್ನು ಚರ್ಮವೈದ್ಯರ ಪ್ಯಾಚ್ ಪರೀಕ್ಷೆಯಿಂದ ತಿಳಿದುಕೊಂಡು, ಆ ಒಂದೋ ಎರಡೋ ಹೆಸರನ್ನು ಹುಡುಕಿ ಬಿಡುವುದು ಇಡೀ ಇಂಟರ್‌ನೆಟ್ಟಿನ ಪಟ್ಟಿ ಹಿಡಿದು ಹೆದರುವುದಕ್ಕಿಂತ ಉಪಯುಕ್ತ. ಹೊಸದು ಯಾವುದೇ ಆಗಲಿ, ಮೊದಲು ಮೊಣಕೈಯ ಒಳಬದಿಗೆ ಕೆಲವು ದಿನ ಹಚ್ಚಿ ನೋಡಿ.

ಆದರೆ ಎಲ್ಲವನ್ನೂ ಗ್ರಾಹಕರ ಜಾಗರೂಕತೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಕ್ರೀಮಿನಲ್ಲಿರುವ ಪಾದರಸ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ, ಪ್ರಯೋಗಾಲಯವೇ ಹೇಳಬೇಕು. ಕೇರಳ ಮಾಡಿದಂತೆ ಕರ್ನಾಟಕವೂ ಮಾರುಕಟ್ಟೆಯಿಂದ ಬಿಳುಪಿನ ಕ್ರೀಮ್‌ಗಳ, ಕೂದಲು ನೇರವಾಗಿಸುವ ದ್ರವಗಳ ಮಾದರಿಗಳನ್ನು ನಿಯತವಾಗಿ ಎತ್ತಿ ಪರೀಕ್ಷಿಸಿ, ಫಲಿತಾಂಶವನ್ನು ಬ್ರಾಂಡಿನ ಹೆಸರು ಸಹಿತ ಕನ್ನಡದಲ್ಲಿ ಪ್ರಕಟಿಸಬೇಕು. ವೈದ್ಯರ ಚೀಟಿ ಇಲ್ಲದೆ ಸ್ಟೆರಾಯ್ಡ್ ಮುಲಾಮು ಮಾರುವ ಔಷಧ ಅಂಗಡಿಗಳ ಮೇಲೆ ಕ್ರಮ ಆಗಬೇಕು. ಪಾರ್ಲರ್‌ಗಳಲ್ಲಿ ದುಡಿಯುವವರಿಗೆ ಗಾಳಿಯಾಡುವ ಕೋಣೆ, ಕೈಗವಸು, ತಾವು ಬಳಸುವ ದ್ರವದಲ್ಲಿ ಏನಿದೆ ಎಂಬ ಮಾಹಿತಿ ಸಿಗಬೇಕು. ಮೂತ್ರದಲ್ಲಿ ನೊರೆ, ಕಾಲಿನ ಬಾವು ಎಂದು ಬರುವ ಯುವಜನರನ್ನು ಮುಖಕ್ಕೆ ಏನು ಹಚ್ಚುತ್ತೀರಿ ಎಂದು ಕೇಳುವುದು ಪ್ರತಿ ವೈದ್ಯರ ಅಭ್ಯಾಸವಾಗಬೇಕು. ಕೋಟ್ಟಕ್ಕಲ್‌ನ ವೈದ್ಯರು ಆ ಒಂದು ಪ್ರಶ್ನೆ ಕೇಳಿದ್ದರಿಂದಲೇ ಕಾರಣ ಸಿಕ್ಕಿತು.

ಇನ್ನುಳಿದದ್ದು ಮನೆಗಳ ಪಾಲು. ಬಿಳುಪಿನ ಕ್ರೀಮಿಗೆ ಗಿರಾಕಿಯನ್ನು ಹುಟ್ಟಿಸುವುದು ಕಂಪನಿ ಒಂದೇ ಅಲ್ಲ. ಹುಡುಗಿ ಸ್ವಲ್ಪ ಕಪ್ಪು ಎಂದು ಸಂಬಂಧ ಬಿಟ್ಟುಹೋಗುವ ಮಾತುಕತೆಯೂ, ಎಣ್ಣೆಗಪ್ಪು ಎಂದು ಮಗುವನ್ನು ಕರೆಯುವ ನಾಲಿಗೆಯೂ ಹುಟ್ಟಿಸುತ್ತವೆ. 2020ರಲ್ಲಿ ದೇಶದ ಅತಿ ಪ್ರಸಿದ್ಧ ಫೇರ್‌ನೆಸ್ ಕ್ರೀಮ್ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ತೆಗೆದುಹಾಕಿತು. ನಮ್ಮ ಮನೆಮಾತಿನಿಂದ ಬಿಳುಪಿನ ಆಸೆಯನ್ನು ತೆಗೆಯುವುದು ನಮ್ಮ ಕೆಲಸ. ಮೈಬಣ್ಣ, ಕೂದಲ ಗುಂಗುರು, ನೆತ್ತಿಯ ಬಿಳಿ ಇವು ಕಾಯಿಲೆಗಳಲ್ಲ. ಇವುಗಳನ್ನು ಕಾಯಿಲೆ ಎಂದು ಕಾಣುವುದನ್ನು ಬಿಟ್ಟ ದಿನ, ಮೂತ್ರಪಿಂಡವನ್ನು ಪಣಕ್ಕಿಟ್ಟು ಅವಕ್ಕೆ ಮದ್ದು ಹುಡುಕುವ ಅಗತ್ಯವೂ ಇರುವುದಿಲ್ಲ. ಅಲ್ಲಿಯವರೆಗೆ, ನಿಮ್ಮ ಮನೆಯ ಕನ್ನಡಿಯ ಕೆಳಗಿರುವ ಡಬ್ಬಿಗಳನ್ನು ಇವತ್ತೇ ತಿರುಗಿಸಿ ನೋಡಿ. ತಯಾರಕರ ವಿಳಾಸವಿಲ್ಲದ ಒಂದೇ ಒಂದು ಡಬ್ಬಿ ಸಿಕ್ಕರೂ ಬಳಸುವುದನ್ನು ನಿಲ್ಲಿಸಿ, ಬಿಗಿಯಾಗಿ ಕಟ್ಟಿ ಬೇರೆ ಇಡಿ, ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಿ.